ಪರದೆ ಮಸುಕಾಗಿಸಿ ವಿಂಡೋಸ್ ಕೇಳುವ ಪ್ರಶ್ನೆ

ವಿಂಡೋಸ್‌ನಲ್ಲಿ ಹೊಸ ತಂತ್ರಾಂಶ ಹಾಕಲು ಹೊರಟರೆ ಪರದೆಯೆಲ್ಲ ಮಸುಕಾಗಿ, ನಡುವೆ ಒಂದು ಪೆಟ್ಟಿಗೆ ಮಾತ್ರ ಉಳಿಯುತ್ತದೆ. ಈ ಆ್ಯಪ್ ನಿಮ್ಮ ಸಾಧನದಲ್ಲಿ ಬದಲಾವಣೆ ಮಾಡಬಹುದೇ ಎಂದು ಅದು ಕೇಳುತ್ತದೆ. ಎಷ್ಟೋ ಜನ ಓದದೆಯೇ ‘ಯೆಸ್’ ಒತ್ತುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಯಾವ ಪ್ರಶ್ನೆಯಾದರೂ ದಿನಕ್ಕೆ ಹತ್ತು ಸಲ ಎದುರಾದರೆ ಕಣ್ಣು ಅದನ್ನು ದಾಟಿಹೋಗುತ್ತದೆ, ಬೆರಳು ತಾನಾಗಿ ಉತ್ತರಿಸುತ್ತದೆ.

ಈ ಪೆಟ್ಟಿಗೆ ಏಕೆ ಬಂತು ಎಂಬುದಕ್ಕೆ ವಿಂಡೋಸ್ ಎಕ್ಸ್‌ಪಿ ಕಾಲಕ್ಕೆ ಹೋಗಬೇಕು. ಆಗ ಮನೆಯ ಕಂಪ್ಯೂಟರುಗಳಲ್ಲಿ ಎಲ್ಲರೂ ಬಳಸುತ್ತಿದ್ದುದು ಸಾಮಾನ್ಯವಾಗಿ ಅಡ್ಮಿನ್ ಖಾತೆಯನ್ನೇ. ಇ-ಮೇಲ್‌ನಲ್ಲಿ ಬಂದ ಪ್ರೋಗ್ರಾಂ ಒಂದನ್ನು ತೆರೆದರೆ ಅದಕ್ಕೂ ಅಡ್ಮಿನ್‌ನ ಪೂರ್ತಿ ಅಧಿಕಾರ ಸಿಗುತ್ತಿತ್ತು. ಅದು ಸಿಸ್ಟಮ್ ಫೈಲು ತಿದ್ದಬಹುದಿತ್ತು, ಡ್ರೈವರ್ ಸೇರಿಸಬಹುದಿತ್ತು, ಆಂಟಿವೈರಸ್ ನಿಲ್ಲಿಸಬಹುದಿತ್ತು. ಸೀಮಿತ ಖಾತೆಯೂ ಇತ್ತು. ಆದರೆ ಅನೇಕ ತಂತ್ರಾಂಶಗಳು ತಮ್ಮ ಸೆಟ್ಟಿಂಗ್‌ಗಳನ್ನು ‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರಿನಲ್ಲೇ ಬರೆಯುತ್ತಿದ್ದುದರಿಂದ ಆ ಖಾತೆಯಲ್ಲಿ ಅವು ಓಡುತ್ತಲೇ ಇರಲಿಲ್ಲ.

2007ರ ಜನವರಿಯಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ಟಾ ಇದಕ್ಕೆ ಯೂಸರ್ ಅಕೌಂಟ್ ಕಂಟ್ರೋಲ್, ಅಂದರೆ ಯುಎಸಿ, ತಂದಿತು. ಅಡ್ಮಿನ್ ಲಾಗಿನ್ ಆದೊಡನೆ ವ್ಯವಸ್ಥೆ ಎರಡು ಟೋಕನ್, ಅಂದರೆ ಅಧಿಕಾರದ ಗುರುತುಚೀಟಿ, ತಯಾರಿಸುತ್ತದೆ: ಒಂದರಲ್ಲಿ ಪೂರ್ಣ ಅಧಿಕಾರ, ಇನ್ನೊಂದರಲ್ಲಿ ಕತ್ತರಿಸಿದ ಅಧಿಕಾರ. ದಿನದ ಕೆಲಸವೆಲ್ಲ ಎರಡನೆಯದರಲ್ಲಿ ನಡೆಯುತ್ತದೆ. ‘ಯೆಸ್’ ಒತ್ತಿದಾಗ ಆ ಒಂದು ಪ್ರೋಗ್ರಾಮಿಗೆ ಮಾತ್ರ ಮೊದಲನೆಯದು ಸಿಗುತ್ತದೆ. ಪರದೆ ಮಸುಕಾಗುವುದಕ್ಕೂ ಕಾರಣವಿದೆ. ಆಗ ನೀವು ಬೇರೊಂದು ಡೆಸ್ಕ್‌ಟಾಪಿನಲ್ಲಿರುತ್ತೀರಿ, ಹಿಂದೆ ಕಾಣುವುದು ಹಳೆಯ ಡೆಸ್ಕ್‌ಟಾಪಿನ ಚಿತ್ರ ಅಷ್ಟೇ. ಹೀಗಾಗಿ ಬೇರೆ ಪ್ರೋಗ್ರಾಮುಗಳು ನಿಮ್ಮ ಪರವಾಗಿ ಗುಂಡಿ ಒತ್ತಲಾರವು.

ವಿನ್ಯಾಸ ಗಟ್ಟಿಯಾಗಿತ್ತು, ಆದರೆ ಪ್ರಶ್ನೆಗಳು ಅತಿಯಾದವು. ಕಿರಿಕಿರಿ ತಾಳದೆ ಹಲವರು ಯುಎಸಿಯನ್ನೇ ಆಫ್ ಮಾಡಿದರು. ಆದರೂ ಆ ಕಿರಿಕಿರಿಯಿಂದ ಒಂದು ದೊಡ್ಡ ಲಾಭವಾಯಿತು ಎಂಬುದನ್ನು ಒಪ್ಪಲೇಬೇಕು: ದೂರುಗಳಿಗೆ ಹೆದರಿ ತಂತ್ರಾಂಶ ತಯಾರಕರು ತಮ್ಮ ಕೋಡ್ ತಿದ್ದಿಕೊಂಡರು. ಮೈಕ್ರೋಸಾಫ್ಟ್ 2008ರಲ್ಲಿ ಕೊಟ್ಟ ಲೆಕ್ಕದಂತೆ, ಇಂಥ ಪ್ರಶ್ನೆ ಎಬ್ಬಿಸುವ ಪ್ರೋಗ್ರಾಮುಗಳು ಸುಮಾರು 7.75 ಲಕ್ಷದಿಂದ 1.68 ಲಕ್ಷಕ್ಕೆ ಇಳಿದಿದ್ದವು.

2009ರ ವಿಂಡೋಸ್ 7 ನಾಲ್ಕು ಹಂತದ ಸ್ಲೈಡರ್ ಕೊಟ್ಟಿತು. ಮೊದಲೇ ಆಯ್ಕೆಯಾಗಿರುವ ಹಂತದಲ್ಲಿ ವಿಂಡೋಸ್‌ನದೇ ಕೆಲವು ಪ್ರೋಗ್ರಾಮುಗಳು ಕೇಳದೆಯೇ ಪೂರ್ಣ ಅಧಿಕಾರ ಪಡೆಯುತ್ತವೆ. ಪ್ರಶ್ನೆ ಕಡಿಮೆಯಾಯಿತು, ಬಿರುಕೂ ಮೂಡಿತು. ದುಷ್ಟ ಪ್ರೋಗ್ರಾಮು ಅಂಥದ್ದೊಂದು ನಂಬಿಕಸ್ಥ ಪ್ರೋಗ್ರಾಮಿನೊಳಗೆ ತನ್ನ ಡಿಎಲ್‌ಎಲ್ (ಬೇರೆ ಪ್ರೋಗ್ರಾಮು ಎತ್ತಿಕೊಂಡು ಓಡಿಸುವ ಕೋಡ್ ಫೈಲು) ತೂರಿಸಿದರೆ ಸದ್ದಿಲ್ಲದೆ ಅಡ್ಮಿನ್ ಆಗಿಬಿಡುತ್ತದೆ. ಅಡ್ಮಿನ್ ಖಾತೆಯಲ್ಲಿ ಯುಎಸಿಯನ್ನು ಭದ್ರತೆಯ ಗಡಿಯೆಂದು ಮೈಕ್ರೋಸಾಫ್ಟ್ ಕೂಡ ಪರಿಗಣಿಸಿಲ್ಲ.

ಕನ್ನಡ ಟೈಪ್ ಮಾಡುವವರಿಗೆ ಇಲ್ಲೊಂದು ತೊಡಕು ಎದುರಾಗಬಹುದು. ಒತ್ತಿದ ಕೀಲಿಯನ್ನು ನಡುವೆಯೇ ಹಿಡಿದು ಕನ್ನಡ ಅಕ್ಷರವಾಗಿಸುವ ಬಗೆಯ ತಂತ್ರಾಂಶ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದ ಕಿಟಕಿಯಲ್ಲಿ ಕೆಲಸ ಮಾಡುವುದಿಲ್ಲ. ಕಡಿಮೆ ಅಧಿಕಾರದ ಪ್ರೋಗ್ರಾಮು ಹೆಚ್ಚಿನ ಅಧಿಕಾರದ ಕಿಟಕಿಯ ಕೀಲಿಗಳನ್ನು ಮುಟ್ಟಬಾರದು ಎಂಬುದು ವಿಸ್ಟಾ ತಂದ ನಿಯಮ. ಒತ್ತಿದ ಕೀಲಿಗಳನ್ನು ಗುಟ್ಟಾಗಿ ದಾಖಲಿಸಿ ಪಾಸ್‌ವರ್ಡ್ ಕದಿಯುವ ಕೀಲಾಗರ್‌ಗಳನ್ನು ಅಂಥ ಕಿಟಕಿಗಳಲ್ಲಿ ತಡೆಯುವುದೂ ಇದೇ ನಿಯಮ. ಇದಕ್ಕಾಗಿ ಯುಎಸಿ ಆಫ್ ಮಾಡಬೇಡಿ. ಬರೆಯುವ ಎಡಿಟರನ್ನು ಮಾಮೂಲಿನಂತೆ ತೆರೆಯಿರಿ, ಇಲ್ಲವೇ ವಿಂಡೋಸ್‌ನಲ್ಲೇ ಇರುವ ಕನ್ನಡ ಕೀಲಿಮಣೆ ಬಳಸಿ.

ಮನೆಯ ಕಂಪ್ಯೂಟರಿಗೆ ನಮ್ಮ ಸಲಹೆ ಸ್ಟ್ಯಾಂಡರ್ಡ್ ಖಾತೆ, ಅಂದರೆ ಅಡ್ಮಿನ್ ಅಧಿಕಾರವಿಲ್ಲದ ಸೀಮಿತ ಖಾತೆ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಮೊದಲು ಹೊಸದೊಂದು ಅಡ್ಮಿನ್ ಖಾತೆ ತೆರೆಯಿರಿ. ಅದಕ್ಕೆ ಒಮ್ಮೆ ಲಾಗಿನ್ ಆಗಿ ಪಾಸ್‌ವರ್ಡ್ ಸರಿಯಿದೆಯೇ ನೋಡಿ. ಆಮೇಲಷ್ಟೇ ಅಲ್ಲಿಂದಲೇ ನಿಮ್ಮ ದಿನಬಳಕೆಯ ಖಾತೆಯನ್ನು ಸ್ಟ್ಯಾಂಡರ್ಡ್ ಮಾಡಿ. ಈ ಕ್ರಮ ಬಿಡಬೇಡಿ, ಹೊಸ ಪಾಸ್‌ವರ್ಡ್ ಮರೆತರೆ ಅಡ್ಮಿನ್ ಕೆಲಸಗಳೆಲ್ಲ ಕೈತಪ್ಪುತ್ತವೆ. ಇನ್ನು ಮುಂದೆ ಪೆಟ್ಟಿಗೆ ‘ಯೆಸ್’ ಬದಲು ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವ ಆ ಕೆಲವು ಕ್ಷಣಗಳಲ್ಲಿ ತಯಾರಕರ ಹೆಸರು ಕಣ್ಣಿಗೆ ಬೀಳುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಪೆಟ್ಟಿಗೆಯ ತಲೆಪಟ್ಟಿ ಹಳದಿಯಾಗಿದ್ದರೆ ತಯಾರಕರು ಯಾರೆಂದು ಖಚಿತವಾಗಿಲ್ಲ ಎಂದರ್ಥ. ಒಂದು ಅನನುಕೂಲವೂ ಇದೆ: ಹೀಗೆ ಹಾಕಿದ ಕೆಲವು ತಂತ್ರಾಂಶಗಳು ತಮ್ಮ ಸೆಟ್ಟಿಂಗ್ ಅನ್ನು ಅಡ್ಮಿನ್ ಖಾತೆಯಲ್ಲಿ ಬರೆದುಬಿಡುತ್ತವೆ, ನಿಮ್ಮ ಖಾತೆಯಲ್ಲಿ ಮತ್ತೊಮ್ಮೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಇಷ್ಟಾದರೂ ರ‍್ಯಾನ್ಸಮ್‌ವೇರ್‌ಗೆ ದಾರಿ ತೆರೆದೇ ಇರುತ್ತದೆ. ಮಕ್ಕಳ ಫೋಟೊಗಳನ್ನು ಬೀಗ ಹಾಕಿ ಹಣ ಕೇಳಲು ಅದಕ್ಕೆ ಅಡ್ಮಿನ್ ಅಧಿಕಾರ ಬೇಕಿಲ್ಲ. ಅವು ನಿಮ್ಮ ಫೈಲುಗಳು, ನೀವು ಓಡಿಸಿದ ಪ್ರೋಗ್ರಾಮು ಅವನ್ನು ತಿದ್ದಬಹುದು. ಇದನ್ನು ತಡೆಯಲೆಂದೇ ವಿಂಡೋಸ್ ಸೆಕ್ಯುರಿಟಿಯ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ವಿಭಾಗದಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಇದೆ. ವಿಂಡೋಸ್ ನಂಬದ ಪ್ರೋಗ್ರಾಮುಗಳು ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರುಗಳಲ್ಲಿ ಬರೆಯದಂತೆ ಇದು ತಡೆಯುತ್ತದೆ. ಆದರೆ ಸಾಮಾನ್ಯವಾಗಿ ಇದು ಆಫ್ ಇರುತ್ತದೆ, ಏಕೆಂದರೆ ಒಳ್ಳೆಯ ಪ್ರೋಗ್ರಾಮುಗಳನ್ನೂ ಕೆಲವೊಮ್ಮೆ ತಡೆದುಬಿಡುತ್ತದೆ. ಆನ್ ಮಾಡಿದ ಮೇಲೆ ಫೋಟೊ ಎಡಿಟರೋ ಗೇಮೋ ‘ಸೇವ್ ಆಗಲಿಲ್ಲ’ ಎಂದರೆ ಅಲ್ಲೇ ಇರುವ ಬ್ಲಾಕ್ ಹಿಸ್ಟರಿಯಲ್ಲಿ ಅದರ ಹೆಸರು ಹುಡುಕಿ, ಪರಿಚಯದ್ದೇ ಆಗಿದ್ದರೆ ಅನುಮತಿಯ ಪಟ್ಟಿಗೆ ಸೇರಿಸಿ. ಬ್ಯಾಕಪ್ ಮಾತ್ರ ಬೇರೆ ಡಿಸ್ಕಿನಲ್ಲಿರಲಿ, ನಕಲು ಮಾಡಿದ ಮೇಲೆ ಅದರ ಕೇಬಲ್ ತೆಗೆದಿಡಿ.