ಸೀನಿಯರ್ ಆಫೀಸಿನಲ್ಲಿ ಸಂಬಳ ಇಲ್ಲ, ಸೇರಲೇ ಬೇಡವೇ?

ಪ್ರಶ್ನೆ: ಎಲ್‌ಎಲ್‌ಬಿ ಮುಗಿದಿದೆ, ವಕೀಲಿಕೆ ಮಾಡಲು ಸನ್ನದೂ ಸಿಕ್ಕಿದೆ. ನಮ್ಮೂರಿನ ಜಿಲ್ಲಾ ಕೋರ್ಟಿನಲ್ಲಿರುವ ಸೀನಿಯರ್ ಒಬ್ಬರು "ಸೋಮವಾರದಿಂದ ಬಾಮ್ಮಾ" ಅಂದರು. ದುಡ್ಡಿನ ಮಾತೇ ಎತ್ತಲಿಲ್ಲ. ಬೆಂಗಳೂರಿನ ಕಂಪನಿಯೊಂದರಲ್ಲಿ 25 ಸಾವಿರದ ಕೆಲಸವೂ ಇದೆ. ನನಗೆ ವಕೀಲಿಕೆಯೇ ಇಷ್ಟ. ಮನೆಯಲ್ಲಿ "ಬಿಟ್ಟಿ ದುಡಿಯೋಕೆ ಇಷ್ಟೆಲ್ಲಾ ಓದಿಸಿದ್ದಾ?" ಅಂತಾರೆ. ಏನು ಮಾಡಲಿ?

ಉತ್ತರ: ಪ್ರತಿ ವರ್ಷ ರಿಸಲ್ಟ್ ಬಂದ ಮೇಲೆ ಇಬ್ಬರು ಮೂವರಾದರೂ ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. ವಕೀಲಿಕೆಯೇ ಬೇಕು ಅಂತಿದ್ದರೆ ಸೇರಿ. ಆದರೆ ಸೇರುವ ಮೊದಲು "ನನ್ನ ಕೈಯಲ್ಲಿ ಏನು ಮಾಡಿಸ್ತೀರಿ ಸರ್?" ಅಂತ ಕೇಳಿಬಿಡಿ. ನಿಮ್ಮ ದುಡಿಮೆ ಕಲಿಕೆಯೋ ಬಿಟ್ಟಿ ಚಾಕರಿಯೋ ಅನ್ನುವುದು ಆ ಉತ್ತರದಲ್ಲೇ ಗೊತ್ತಾಗುತ್ತದೆ.

ನಾನು ಸಂಬಳವಿಲ್ಲದೆ ಎರಡು ಆಫೀಸುಗಳಲ್ಲಿ ದುಡಿದಿದ್ದೇನೆ. ಮೊದಲನೆಯದರಲ್ಲಿ ಎಂಟು ತಿಂಗಳು. ಕೇಸಿನ ಕಾಗದದ ಕಟ್ಟು ಹೊತ್ತುಕೊಂಡು ಕೋರ್ಟಿಗೆ ಹೋಗುವುದು, ಹಾಲ್‌ನಿಂದ ಹಾಲ್‌ಗೆ ಓಡಿ ವಾಯಿದೆ, ಅಂದರೆ ಕೇಸಿನ ಮುಂದಿನ ತಾರೀಕು, ತೆಗೆದುಕೊಳ್ಳುವುದು, ಜೆರಾಕ್ಸ್ ಮಾಡಿಸುವುದು, ಸೀನಿಯರ್ ಮನೆಯ ಕರೆಂಟ್ ಬಿಲ್ ಕಟ್ಟುವುದು. ಸಂಜೆ ಪಾರ್ಟಿಗಳು, ಅಂದರೆ ಕಕ್ಷಿದಾರರು, ಬಂದರೆ ನನಗೆ ಹೊರಗೆ ಕೂರಲು ಹೇಳುತ್ತಿದ್ದರು. ಯಾವ ಕೇಸಿನ ಒಳಗೆ ಏನಿದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಆ ಎಂಟು ತಿಂಗಳ ಬಗ್ಗೆ ನನಗೆ ಇವತ್ತಿಗೂ ಬೇಸರ ಇದೆ.

ಎರಡನೇ ಆಫೀಸಿನಲ್ಲೂ ಮೊದಲ ವರ್ಷ ಪೆಟ್ರೋಲ್ ಖರ್ಚು ಬಿಟ್ಟರೆ ಏನೂ ಸಿಗಲಿಲ್ಲ. ಆದರೆ ಮೂರನೇ ವಾರಕ್ಕೇ ಸೀನಿಯರ್ ಆಸ್ತಿಯಲ್ಲಿ ಪಾಲು ಕೇಳಿದ್ದ ಒಂದು ದಾವೆಯ ಕಟ್ಟು ಕೊಟ್ಟರು. "ರಾತ್ರಿ ಪೂರ್ತಿ ಓದಿ. ಇದರಲ್ಲಿ ಏನು ತಪ್ಪಿದೆ ಅಂತ ಬೆಳಿಗ್ಗೆ ಹೇಳಿ" ಅಂದರು. ನಾವು ಪ್ರತಿವಾದಿ ಪರ. ವಾದಪತ್ರದ ಶೆಡ್ಯೂಲಿನಲ್ಲಿ (ಆಸ್ತಿ ವಿವರದ ಪಟ್ಟಿಯಲ್ಲಿ) ಜಮೀನಿಗೆ ಬರೀ ಸರ್ವೆ ನಂಬರ್ ಹಾಕಿದ್ದರು. ಪಹಣಿ ನೋಡಿದರೆ ಆ ಸರ್ವೆ ನಂಬರಿನಲ್ಲಿ ನಾಲ್ಕು ಹಿಸ್ಸಾ. ಅದರಲ್ಲಿ ಒಂದನ್ನು ನಮ್ಮ ಪಾರ್ಟಿ ಸ್ವಂತ ದುಡ್ಡಿನಲ್ಲಿ ಕೊಂಡಿದ್ದರು, ಕ್ರಯಪತ್ರವೂ ಇತ್ತು. ಅದನ್ನೂ ಪಾಲಿಗೆ ಸೇರಿಸಿಬಿಟ್ಟಿದ್ದರು. ಬೆಳಿಗ್ಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಪಹಣಿಯನ್ನೇ ನೋಡಿ, "ಆ ಭಾಗದ ಪಾಟೀ ಸವಾಲು ನೀವೇ ಮಾಡಿ" ಅಂದರು.

ಕಟಕಟೆಯಲ್ಲಿ ನಿಂತಿದ್ದ ವಾದಿಗೆ ನಿ.ಪಿ.1 (ವಾದಿ ಕಡೆಯ ಮೊದಲ ದಾಖಲೆ) ಅಂತ ಗುರುತು ಮಾಡಿದ್ದ ಪಹಣಿ ತೋರಿಸಿ, "ಇದರಲ್ಲಿ ಎಷ್ಟು ಹಿಸ್ಸಾ ಇದೆ?" ಅಂತ ಕೇಳುವಾಗ ಕೈಯಲ್ಲಿದ್ದ ಕಾಗದ ನಡುಗುತ್ತಿತ್ತು. ಕೇಳಿದ್ದು ನಾಲ್ಕೇ ಪ್ರಶ್ನೆ. ಸೀನಿಯರ್ ಪಕ್ಕದಲ್ಲೇ ಇದ್ದರು, ಬಾಯಿ ಹಾಕಲಿಲ್ಲ.

ಐದು ವರ್ಷದ ಮೇಲೆ ಸ್ವಂತ ಆಫೀಸು ಮಾಡಿದೆ. ಮೊದಲು ಬಂದ ಕಕ್ಷಿದಾರರು ಆ ಪ್ರತಿವಾದಿಯ ಅಳಿಯ. "ಅವತ್ತು ನಮ್ಮ ಮಾವನ ಕೇಸಿನಲ್ಲಿ ಪ್ರಶ್ನೆ ಕೇಳಿದ್ದು ನೀವೇ ಅಲ್ವಾ?" ಅಂದರು. ನಮ್ಮ ವೃತ್ತಿಯಲ್ಲಿ ಇದು ದೊಡ್ಡ ವಿಷಯ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ. ನೀವು ಎದ್ದು ನಿಂತು ಮಾತಾಡಿದ್ದನ್ನು ನಾಲ್ಕು ಜನ ನೋಡಬೇಕು, ಕೇಸು ಬರುವ ದಾರಿ ಅದೇ. 25 ಸಾವಿರದ ಕೆಲಸದಲ್ಲಿ ಅದು ಸಿಗುವುದಿಲ್ಲ.

ಕಂಪನಿ ಕೆಲಸದ ಬಗ್ಗೆ ಇನ್ನೊಂದು ವಿಷಯ ತಿಳಿದುಕೊಳ್ಳಿ. ಅದೇ ಪರಿಷತ್ತಿನ 49ನೇ ನಿಯಮದ ಪ್ರಕಾರ ಪೂರ್ಣಾವಧಿ ಸಂಬಳದ ಕೆಲಸ ಹಿಡಿದವರು ವಕೀಲಿಕೆ ನಿಲ್ಲಿಸಬೇಕು. ಎರಡೂ ಕಡೆ ಕಾಲಿಡಲು ಆಗುವುದಿಲ್ಲ. ಮುಂದೆ ಜಡ್ಜ್ ಪರೀಕ್ಷೆ ಬರೆಯುವ ಆಸೆ ಇದ್ದರೆ ಇದು ಇನ್ನೂ ಮುಖ್ಯ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸಿವಿಲ್ ನ್ಯಾಯಾಧೀಶರ ಹುದ್ದೆಗೆ 3 ವರ್ಷದ ವಕೀಲಿಕೆ ಇರಬೇಕು ಅಂತ ಮತ್ತೆ ಕಡ್ಡಾಯ ಮಾಡಿತು. ಅದಕ್ಕೆ ಸರ್ಟಿಫಿಕೇಟ್ ಬೇಕು. ಕನಿಷ್ಠ 10 ವರ್ಷ ಅನುಭವ ಇರುವ ವಕೀಲರು ಕೊಟ್ಟು, ಅದಕ್ಕೆ ಅಲ್ಲಿನ ಪ್ರಧಾನ ನ್ಯಾಯಾಧೀಶರ ಮೇಲುಸಹಿ ಬಿದ್ದರೆ ಆಗುತ್ತದೆ. ಹಾಗಾಗಿ ಕಕ್ಷಿದಾರರು ವಕೀಲರಿಗೆ ಬರೆದುಕೊಡುವ ವಕಾಲತ್ತಿನಲ್ಲಿ ನಿಮ್ಮ ಹೆಸರೂ ಸೇರಲಿ ಅಂತ ಮೊದಲೇ ಕೇಳಿ. ಇದನ್ನು ಕೇಳಲು ಸಂಕೋಚ ಬೇಡ. ನ್ಯಾಯಾಧೀಶರ ಬಳಿ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವನ್ನೂ ಈ 3 ವರ್ಷಕ್ಕೆ ಸೇರಿಸಬಹುದು ಅಂತ ಅದೇ ತೀರ್ಪಿನಲ್ಲಿದೆ. ಅಲ್ಲಿ ತಿಂಗಳಿಗೆ ಗೌರವಧನವೂ ಬರುತ್ತದೆ, ಹೈಕೋರ್ಟ್ ಅರ್ಜಿ ಕರೆದಾಗ ಹಾಕಿ ನೋಡಿ.

ನಿಮ್ಮ ಮನೆಯವರ ಮಾತಿನಲ್ಲೂ ನ್ಯಾಯ ಇದೆ. ಊರಲ್ಲೇ ಇದ್ದು, ಮನೆಯಲ್ಲೇ ಉಂಡು ಕೋರ್ಟಿಗೆ ಹೋಗುವವರಿಗೆ ಒಂದು ವರ್ಷ ಹೇಗೋ ಕಳೆಯುತ್ತದೆ. ರಾಯಚೂರಿನಿಂದ ಬೆಂಗಳೂರಿಗೆ ಬಂದು ಪಿಜಿ ಬಾಡಿಗೆ ಕಟ್ಟುವ ಮಗು ಸಂಬಳವಿಲ್ಲದೆ ದುಡಿದರೆ, ಅಪ್ಪ ಅಮ್ಮನೇ ಆ ಸೀನಿಯರ್ ಆಫೀಸನ್ನು ಸಾಕಿದ ಹಾಗೆ. ದುಡ್ಡಿಲ್ಲದ ಮನೆಯ ಎಷ್ಟೋ ಜಾಣ ಮಕ್ಕಳು ಈ ಕಾರಣಕ್ಕೇ ಕರಿಕೋಟು ಬಿಟ್ಟು ಹೋಗಿದ್ದನ್ನು ನೋಡಿದ್ದೇನೆ. ಇದು ತಪ್ಪು, ಇದು ಬದಲಾಗಲೇಬೇಕು. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ನಗರಗಳಲ್ಲಿ ಜೂನಿಯರ್‌ಗಳಿಗೆ ತಿಂಗಳಿಗೆ ಕನಿಷ್ಠ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ಕೊಡಿ ಅಂತ ಸುತ್ತೋಲೆ ಕಳಿಸಿತು. ಅದು ಸಲಹೆ ಅಷ್ಟೇ, ಕಡ್ಡಾಯ ಅಲ್ಲ. ಆದರೂ ದುಡ್ಡಿನ ಮಾತು ಎತ್ತಲು ನಿಮಗೊಂದು ಆಧಾರ ಸಿಕ್ಕಿತು. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ಹಿರಿಯ ವಕೀಲರ ಕೈಕೆಳಗೆ ತರಬೇತಿ ಪಡೆಯುವಾಗ ರಾಜ್ಯ ಸರ್ಕಾರದ ಇಲಾಖೆಗಳಿಂದ ಭತ್ಯೆಯೂ ಇದೆ. ಜಿಲ್ಲೆಯ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.

ಸೋಮವಾರ ಹೋದಾಗ ಹೀಗೆ ಕೇಳಿ: "ಸರ್, ಪಾರ್ಟಿ ಜೊತೆ ಮಾತಾಡುವಾಗ ನಾನೂ ಕೂರಬಹುದಾ? ಡ್ರಾಫ್ಟ್ ನಾನು ಬರೆದರೆ ತಿದ್ದಿ ಕೊಡ್ತೀರಾ? ಆರು ತಿಂಗಳಾದ ಮೇಲೆ ಖರ್ಚಿಗೆ ಏನಾದರೂ ಕೊಡೋಕೆ ಆಗುತ್ತಾ?" ಒಳ್ಳೆಯ ಸೀನಿಯರ್ ಇದಕ್ಕೆ ಸಿಟ್ಟು ಮಾಡಿಕೊಳ್ಳುವುದಿಲ್ಲ. ಸಿಟ್ಟಾದರೆ ಅದೇ ಕೋರ್ಟಿನಲ್ಲಿ ಇನ್ನೊಬ್ಬರನ್ನು ನೋಡಿಕೊಳ್ಳಿ.

ಸೇರಿದ ದಿನದಿಂದ ಒಂದು ಡೈರಿ ಇಡಿ. ವಾಯಿದೆ ಬರೆಯುವ ಡೈರಿ ಬೇರೆ, ಇದು ಬೇರೆ. ಪ್ರತಿ ಸಂಜೆ, ಇವತ್ತು ನಾನೇ ಮಾಡಿದ್ದು ಏನು ಅಂತ ಒಂದು ಸಾಲು ಬರೆಯಿರಿ. ಮೆಮೊ ಬರೆದೆ, ಸಾಕ್ಷಿ ಅಫಿಡವಿಟ್ ತಯಾರು ಮಾಡಿದೆ, ಜಡ್ಜ್ ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಹೀಗೆ. ಮೂರು ತಿಂಗಳಾದ ಮೇಲೆ ತೆಗೆದು ಓದಿ. ಮೊದಲ ಆಫೀಸಿನ ಎಂಟು ತಿಂಗಳಲ್ಲಿ ನನಗೆ ಅಂಥ ಸಾಲು ಸಿಕ್ಕಿದ್ದು ಒಂದೇ ಒಂದು. ಎರಡನೇ ಆಫೀಸಿನಲ್ಲಿ ಮೊದಲ ತಿಂಗಳಿಗೇ ಹನ್ನೊಂದಿತ್ತು.