ಮೆಚ್ಚುಗೆಯ ಎಣಿಕೆಯಲ್ಲಿ ಮೈಬಣ್ಣದ ಪಾಲು

ಆನ್‌ಲೈನ್ ಫ್ಯಾಷನ್ ಬಳಗಗಳಲ್ಲಿ ಒಂದೇ ಜಗಳ ಮತ್ತೆ ಮತ್ತೆ ತಲೆಯೆತ್ತುತ್ತದೆ. ಒಂದೇ ಬಗೆಯ ಉಡುಪು ತೊಟ್ಟು, ಅಷ್ಟೇ ಶ್ರದ್ಧೆಯಿಂದ ಸಿಂಗರಿಸಿಕೊಂಡ ಇಬ್ಬರಲ್ಲಿ ತಿಳಿಬಣ್ಣದವರ ಚಿತ್ರಕ್ಕೆ ಲೈಕ್‌ಗಳು ಹರಿದುಬರುತ್ತವೆ, ಕಪ್ಪು ಬಣ್ಣದವರ ಚಿತ್ರ ಯಾರ ಗಮನಕ್ಕೂ ಬಾರದೆ ಕೆಳಗೆ ಸರಿಯುತ್ತದೆ ಎಂದು ಕೆಲವರು ದೂರುತ್ತಾರೆ. ಅದು ಛಾಯಾಚಿತ್ರದ ಗುಣಮಟ್ಟದ ಪ್ರಶ್ನೆ, ನೋಡುವವರ ಅಭಿರುಚಿಯ ಪ್ರಶ್ನೆ, ಇದರೊಳಗೆ ಜನಾಂಗವನ್ನು ಏಕೆ ಎಳೆದು ತರುತ್ತೀರಿ ಎಂದು ಉಳಿದವರು ಕೇಳುತ್ತಾರೆ. ವಾದ ಬೆಳೆದಂತೆ ದೇಹದ ಗಾತ್ರ, ಕೂದಲು, ಹಣ, ಯಾವ ಚಿತ್ರ ಮೊದಲು ಕಾಣಬೇಕೆಂದು ತೀರ್ಮಾನಿಸುವ ಅಲ್ಗಾರಿದಂ ಎಲ್ಲವೂ ಅದಕ್ಕೆ ಸೇರಿಕೊಂಡು ಮೂಲ ಪ್ರಶ್ನೆಯೇ ಮರೆತುಹೋಗುತ್ತದೆ. ಆದರೆ ಗುಣಮಟ್ಟ, ಅಭಿರುಚಿ ಎಂಬ ಎರಡು ಅಳತೆಗೋಲುಗಳೂ ಇಂಟರ್ನೆಟ್ ಹುಟ್ಟುವುದಕ್ಕೆ ಬಹಳ ಮೊದಲೇ ತಯಾರಾಗಿದ್ದವು.

ಅಮೆರಿಕದ 'ವೋಗ್' ಪತ್ರಿಕೆ ಆರಂಭವಾದದ್ದು 1892ರಲ್ಲಿ. ಅದರ ಮುಖಪುಟಕ್ಕೆ ಮೊದಲ ಬಾರಿಗೆ ಕಪ್ಪು ರೂಪದರ್ಶಿಯೊಬ್ಬರು, ಬೆವರ್ಲಿ ಜಾನ್ಸನ್, ಬಂದದ್ದು 1974ರ ಆಗಸ್ಟ್‌ನಲ್ಲಿ. ಕ್ಯಾಮೆರಾದ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಕಲರ್ ಫಿಲ್ಮ್‌ನ ಬಣ್ಣ ಸರಿಹೊಂದಿಸಲು ಲ್ಯಾಬ್‌ಗಳು ನೋಡಿಕೊಳ್ಳುತ್ತಿದ್ದ ಕೊಡಾಕ್‌ನ 'ಶರ್ಲಿ ಕಾರ್ಡ್'ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಮಹಿಳೆಯ ಚಿತ್ರ. ಆ ಮೈಬಣ್ಣ ಚೆನ್ನಾಗಿ ಬಂದರೆ ಫೋಟೋ ಚೆನ್ನಾಗಿ ಬಂದಂತೆ ಎಂಬ ಲೆಕ್ಕದಲ್ಲಿ ಕಪ್ಪು ಮುಖಗಳ ವಿವರ ನೆರಳಿನಲ್ಲಿ ಕರಗಿಹೋಗುತ್ತಿತ್ತು. ಗಾಢವಾದ ಕಂದು ಛಾಯೆಗಳನ್ನು ಫಿಲ್ಮ್ ಹಿಡಿಯುವುದಿಲ್ಲವೆಂಬ ದೂರಿಗೆ ಕೊನೆಗೆ ಕಿವಿಗೊಟ್ಟಾಗಲೂ ಆ ದೂರು ಬಂದದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರಿಂದ. ಇಂದಿಗೂ 'ಫೋಟೋ ಚೆನ್ನಾಗಿದ್ದರೆ ಲೈಕ್ ತಾನಾಗಿ ಬರುತ್ತದೆ' ಎನ್ನುವವರು ಈ ಹಿನ್ನೆಲೆಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

2000ದ ದಶಕದ ನಡುಭಾಗದಲ್ಲಿ ವೈಯಕ್ತಿಕ ಶೈಲಿಯ ಬ್ಲಾಗ್‌ಗಳು ಬಂದಾಗ ಮೂಡಿದ ಭರವಸೆ ಸುಳ್ಳಾಗಿರಲಿಲ್ಲ. ಸಂಪಾದಕರ, ಏಜೆನ್ಸಿಗಳ ಅನುಮತಿಗೆ ಕಾಯದೆ ತನ್ನ ಉಡುಗೆಯನ್ನು ಜಗತ್ತಿಗೆ ತೋರಿಸುವ ಅವಕಾಶ ಆಗ ಮೊದಲ ಬಾರಿಗೆ ಸಾಮಾನ್ಯರಿಗೆ ಸಿಕ್ಕಿತು; ಮುಖಪುಟಗಳಲ್ಲಿ ಎಂದೂ ಕಾಣದ ಎಷ್ಟೋ ಮುಖಗಳು ಆಗ ಕಾಣಿಸಿಕೊಂಡವು. ಆದರೆ 2008ರಲ್ಲಿ ಆರಂಭವಾದ ಲುಕ್‌ಬುಕ್‌ನಂತಹ ತಾಣಗಳು ಇದಕ್ಕೆ ಮತದಾನವನ್ನು ಜೋಡಿಸಿದವು. ಸದಸ್ಯರು ತಮ್ಮ ಉಡುಗೆಯ ಚಿತ್ರ ಹಾಕುತ್ತಿದ್ದರು, ಇತರರು 'ಹೈಪ್' ಕೊಡುತ್ತಿದ್ದರು, ಹೆಚ್ಚು ಹೈಪ್ ಪಡೆದ ಚಿತ್ರ ಮುಂದಿನ ಸಾಲಿಗೆ ಬರುತ್ತಿತ್ತು. ಈ ಘಟ್ಟದಲ್ಲಿ ತುಸು ನಿಲ್ಲಬೇಕು, ಏಕೆಂದರೆ ಇಂದಿನ ಗೋಜಲಿನ ಬಹುಪಾಲು ಇಲ್ಲಿಂದಲೇ ಮೊದಲಾಯಿತು.

ಎಲ್ಲರಿಗೂ ಒಂದೊಂದು ಮತ ಎಂದಾಗ ಫಲಿತಾಂಶ ನ್ಯಾಯವಾಗಿಯೇ ಇರುತ್ತದೆ ಎನಿಸುವುದು ಸಹಜ. ಇದನ್ನು ಪರೀಕ್ಷಿಸುವಂತಹ ಪ್ರಯೋಗವೊಂದನ್ನು ಸಂಗೀತದ ವಿಷಯದಲ್ಲಿ ಸಂಶೋಧಕರಾದ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ ಪ್ರಕಟಿಸಿದರು. ಸುಮಾರು 14,000 ಜನ ಅಪರಿಚಿತ ಹಾಡುಗಳನ್ನು ಕೇಳಿ ಡೌನ್‌ಲೋಡ್ ಮಾಡಿಕೊಂಡರು. ಹಿಂದಿನವರ ಡೌನ್‌ಲೋಡ್ ಸಂಖ್ಯೆ ಕಾಣುತ್ತಿದ್ದ ಗುಂಪುಗಳಲ್ಲಿ ಗೆದ್ದ ಹಾಡಿಗೂ ಸೋತ ಹಾಡಿಗೂ ನಡುವಿನ ಅಂತರ ಹೆಚ್ಚಿತು, ಯಾವ ಹಾಡು ಮೇಲೇರುತ್ತದೆ ಎಂಬುದು ಗುಂಪಿನಿಂದ ಗುಂಪಿಗೆ ಬದಲಾಯಿತು. ಮೊದಲು ಬಿದ್ದ ಕೆಲವೇ ಮತಗಳು ನಂತರದವರ ಕಿವಿಯನ್ನು ತಿದ್ದಿದ್ದವು. ಅಲ್ಲಿ ಆ ಮೊದಲ ಮತಗಳು ಬಹುಮಟ್ಟಿಗೆ ಆಕಸ್ಮಿಕವಾಗಿದ್ದವು. ಉಡುಗೆಯ ಚಿತ್ರಗಳ ವಿಷಯದಲ್ಲಿ ಹಾಗಲ್ಲ. ದಶಕಗಳ ಮುಖಪುಟಗಳನ್ನು ನೋಡಿ ಪಳಗಿದ ಕಣ್ಣು ಮೊದಲು ಎಲ್ಲಿ ತಂಗುತ್ತದೋ ಮೊದಲ ಮತವೂ ಅಲ್ಲಿಗೇ ಬೀಳುತ್ತದೆ, ಅಲ್ಲಿಂದ ಮುಂದಿನ ಕೆಲಸವನ್ನು ಎಣಿಕೆಯೇ ಮಾಡಿ ಮುಗಿಸುತ್ತದೆ. ಇದರಲ್ಲಿ ಯಾರೂ ಕೆಟ್ಟ ಉದ್ದೇಶದಿಂದ ವರ್ತಿಸಬೇಕಾಗಿಲ್ಲ, ಹಾಗಾಗಿಯೇ ಯಾರನ್ನು ಪ್ರಶ್ನಿಸಿದರೂ ಉತ್ತರ ಸಿಗುವುದಿಲ್ಲ.

ಹಳೆಯ ಕಾಲವನ್ನು ಮರಳಿ ತೊಡುವ ಶೈಲಿಗಳಲ್ಲಿ ಇದು ಇನ್ನಷ್ಟು ಮೊನಚಾಗುತ್ತದೆ. ಜಪಾನಿನ ಬೀದಿಗಳಲ್ಲಿ ಬೆಳೆದ ಲೋಲಿಟಾ ಫ್ಯಾಷನ್ ಯುರೋಪಿನ ಹದಿನೆಂಟನೆಯ ಶತಮಾನದ ರೊಕೊಕೊ ಮತ್ತು ಹತ್ತೊಂಬತ್ತನೆಯ ಶತಮಾನದ ವಿಕ್ಟೋರಿಯನ್ ಕಾಲದ ಉಡುಪುಗಳಿಂದ ಪ್ರೇರಣೆ ಪಡೆದದ್ದು; 2000ದ ದಶಕದ ಆರಂಭದಲ್ಲೇ ಅದರ ಅಭಿಮಾನಿಗಳು ಇಂಟರ್ನೆಟ್‌ನಲ್ಲಿ ದೊಡ್ಡ ಬಳಗಗಳನ್ನು ಕಟ್ಟಿಕೊಂಡಿದ್ದರು. ಅಲ್ಲಿ 'ಪಿಂಗಾಣಿ ಗೊಂಬೆಯಂತೆ' ಎಂಬುದು ದೊಡ್ಡ ಪ್ರಶಂಸೆ. ಆ ಒಂದು ಪದವೇ ಬಣ್ಣವನ್ನೂ ಮೈಕಟ್ಟನ್ನೂ ನಿಗದಿ ಮಾಡಿಬಿಡುತ್ತದೆ. ಒಂದೇ ಅಳತೆಯಲ್ಲಿ ಹೊಲಿದು ಬರುವ ಎಷ್ಟೋ ಉಡುಪುಗಳು ಅದೇ ಮಾತನ್ನು ಬಟ್ಟೆಯಲ್ಲಿ ಹೇಳುತ್ತವೆ. ಕಪ್ಪು ಬಣ್ಣದವರಿಗೆ 'ನಿಮ್ಮ ರೂಪ ಆ ಕಾಲಕ್ಕೆ ಹೊಂದುವುದಿಲ್ಲ' ಎಂಬ ಸಲಹೆ ಸಿಗುತ್ತದೆ. ಆ ಕಾಲ ಯಾವ ಬಿಳಿಯ ಸದಸ್ಯರದ್ದೂ ಅಲ್ಲ ಎಂಬುದು ಹೇಳುವವರಿಗೆ ಹೊಳೆಯುವುದಿಲ್ಲ. 'ಶೈಲಿ ಹಳೆಯದಿರಲಿ, ಮೌಲ್ಯಗಳು ಹಳೆಯವಾಗುವುದು ಬೇಡ' ಎಂಬ ಘೋಷವಾಕ್ಯ ಹಳೆಯ ಕಾಲದ ಉಡುಪು ತೊಡುವ ವಿಂಟೇಜ್ ಬಳಗಗಳಲ್ಲಿ ಹರಡಿದ್ದು ಇಂತಹ ಅನುಭವಗಳ ನಂತರವೇ.

ಮುಂದಿನ ಹಂತದಲ್ಲಿ ತೂಗುವ ಕೆಲಸ ಯಂತ್ರಕ್ಕೆ ಹೋಯಿತು. ಇನ್‌ಸ್ಟಾಗ್ರಾಂ 2016ರಲ್ಲಿ ಕಾಲಕ್ರಮವನ್ನು ಬಿಟ್ಟು, ಬಳಕೆದಾರರು ಮೆಚ್ಚಬಹುದಾದದ್ದನ್ನು ಮೊದಲು ತೋರಿಸತೊಡಗಿತು. ಅದೇ ವರ್ಷ ಕಂಪ್ಯೂಟರ್ ತೀರ್ಪುಗಾರರಿದ್ದ 'ಬ್ಯೂಟಿ.ಎಐ' ಸೌಂದರ್ಯ ಸ್ಪರ್ಧೆಯ 44 ವಿಜೇತರಲ್ಲಿ ಕಪ್ಪು ಮೈಬಣ್ಣದವರು ಒಬ್ಬರೇ ಇದ್ದರು. 2017ರಲ್ಲಿ ಮುಖದ ಚಿತ್ರ ತಿದ್ದುವ ಫೇಸ್‌ಆ್ಯಪ್‌ನ ಆಕರ್ಷಕಗೊಳಿಸುವ ಫಿಲ್ಟರ್ ಮೈಬಣ್ಣವನ್ನು ತಿಳಿಗೊಳಿಸುತ್ತಿದ್ದುದು ಬಯಲಾಗಿ ಕಂಪನಿ ಕ್ಷಮೆ ಕೇಳಿತು. ಯಂತ್ರಕ್ಕೆ ಕಲಿಸಲು ಬಳಸಿದ ಚಿತ್ರಗಳಲ್ಲೇ ಒಲವು ಅಡಗಿತ್ತು ಎಂಬುದು ಅದರ ವಿವರಣೆ. ಇನ್ನೊಂದೆಡೆ ತುಂಬು ತುಟಿ, ಬಿಗಿಯಾಗಿ ಹೆಣೆದ ಜಡೆಗಳು ತಿಳಿಬಣ್ಣದವರಲ್ಲಿ ಕಂಡಾಗ ಹೊಸ ಶೈಲಿಯೆನಿಸಿಕೊಂಡವು, ಅವೇ ಕಪ್ಪು ಮಹಿಳೆಯರಲ್ಲಿ ಕಂಡಾಗ ಅಶಿಸ್ತೆನಿಸಿದ್ದವು. 2018ರಲ್ಲಿ 'ಬ್ಲ್ಯಾಕ್‌ಫಿಶಿಂಗ್' (ಕಪ್ಪು ವರ್ಣೀಯರಲ್ಲದವರು ಅವರಂತೆ ಕಾಣುವಂತೆ ಸಿಂಗರಿಸಿಕೊಳ್ಳುವುದು) ಎಂಬ ಹೆಸರಿನಲ್ಲಿ ಎದ್ದ ಚರ್ಚೆಯ ತಿರುಳು ಇದೇ.

ಲೈಕ್‌ನ ಹಿಂದೆ ಈಗ ಸಂಪಾದನೆಯಿದೆ. ಅಮೆರಿಕದ ಇನ್‌ಫ್ಲುಯೆನ್ಸರ್‌ಗಳ ಬಗ್ಗೆ ಎಂಎಸ್‌ಎಲ್ ಎಂಬ ಸಾರ್ವಜನಿಕ ಸಂಪರ್ಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಳಿಯರ ಮತ್ತು ಕಪ್ಪು ವರ್ಣೀಯರ ಗಳಿಕೆಯ ನಡುವೆ ಶೇ 35ರ ಅಂತರ ಕಂಡುಬಂತು; 50,000ಕ್ಕಿಂತ ಕಡಿಮೆ ಫಾಲೋವರ್‌ಗಳಿದ್ದವರು ಕಪ್ಪು ವರ್ಣೀಯರಲ್ಲಿ ಶೇ 77, ಬಿಳಿಯರಲ್ಲಿ ಶೇ 59. ಫಾಲೋವರ್‌ಗಳ ಸಂಖ್ಯೆ ನೋಡಿ ಸಂಭಾವನೆ ನಿಗದಿಯಾಗುವ ವ್ಯವಹಾರದಲ್ಲಿ ಇಷ್ಟು ವರ್ಷಗಳ ನೋಟದ ಒಲವು ನೇರವಾಗಿ ದುಡ್ಡಿನ ಲೆಕ್ಕಕ್ಕೆ ಇಳಿಯುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ಇನ್‌ಸ್ಟಾಗ್ರಾಂ ಲೈಕ್‌ಗಳ ಸಂಖ್ಯೆಯನ್ನು ಮರೆಮಾಡುವ ಆಯ್ಕೆಯನ್ನು ಎಲ್ಲ ಬಳಕೆದಾರರಿಗೂ ಕೊಟ್ಟಿತು. ಆದರೆ ಆ ಸಂಖ್ಯೆ ಮರೆಯಾದದ್ದು ನೋಡುವವರ ಕಣ್ಣಿಗೆ ಮಾತ್ರ; ಯಾವ ಚಿತ್ರ ಮುಂದೆ ಬರಬೇಕು, ಯಾವುದು ಹಿಂದೆ ಉಳಿಯಬೇಕು ಎಂದು ತೀರ್ಮಾನಿಸುವ ಲೆಕ್ಕದಲ್ಲಿ ಅದು ಉಳಿದುಕೊಂಡಿದೆ.