ವೆಂಟಿಲೇಟರ್ ನ್ಯುಮೋನಿಯಾ: ಎಕ್ಸ್‌ರೇಗೆ ಮೊದಲು ಚಾರ್ಟ್ ನೋಡಿ

ಐಸಿಯು ಪೋಸ್ಟಿಂಗ್ ಶುರು ಮಾಡುವ ಗೆಳೆಯರಿಗೆ ಈ ಟಿಪ್ಪಣಿ. ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ (ಉಸಿರಾಟದ ಯಂತ್ರಕ್ಕೆ) ಜೋಡಿಸಿ 48 ಗಂಟೆ ದಾಟಿದ ಮೇಲೆ ಬರುವ ನ್ಯುಮೋನಿಯಾವನ್ನು ವ್ಯಾಪ್ (ವೆಂಟಿಲೇಟರ್ ಅಸೋಸಿಯೇಟೆಡ್ ನ್ಯುಮೋನಿಯಾ) ಅನ್ನುತ್ತಾರೆ. ಟ್ಯೂಬ್ ಇದ್ದವರಿಗೆ ಸರಿಯಾಗಿ ಕೆಮ್ಮಲು ಆಗುವುದಿಲ್ಲ. ಬಾಯಿ, ಗಂಟಲಿನ ದ್ರವ ಟ್ಯೂಬಿನ ಬಲೂನಿನ ಮೇಲೆ ನಿಂತು, ಪಕ್ಕದ ಸಂದಿನಿಂದ ಸ್ವಲ್ಪ ಸ್ವಲ್ಪವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಟ್ಯೂಬಿನ ಒಳಗೋಡೆಯಲ್ಲೂ ಬ್ಯಾಕ್ಟೀರಿಯಾ ಪೊರೆ ಕಟ್ಟುತ್ತವೆ.

ಬೇಗ ಗುರುತಿಸುವುದು ಯಾಕೆ ಕಷ್ಟ? ಜ್ವರಕ್ಕೆ ಐಸಿಯುನಲ್ಲಿ ಹತ್ತು ಕಾರಣ ಇರುತ್ತವೆ. ಬಿಳಿ ರಕ್ತಕಣ ಹೆಚ್ಚುವುದಕ್ಕೂ ಹಾಗೇ. ಎಕ್ಸ್‌ರೇಯಲ್ಲಿ ಕಂಡ ಬಿಳಿ ಮಚ್ಚೆ ಶ್ವಾಸಕೋಶದಲ್ಲಿ ತುಂಬಿದ ನೀರಿರಬಹುದು, ಕುಸಿದ ಭಾಗವೂ ಇರಬಹುದು. ರೋಗಿಗೆ ಬಾಯಿ ಬಿಟ್ಟು ಹೇಳಲು ಆಗುವುದಿಲ್ಲ ಅಲ್ವಾ? ಹಾಗಾಗಿ ಒಂದು ದಿನದ ಅಂಕಿ ಸಾಲದು, ದಿನದಿಂದ ದಿನಕ್ಕೆ ಏನು ಬದಲಾಯಿತು ಅನ್ನುವುದು ಮುಖ್ಯ.

ಒಂದು ಚಾರ್ಟ್ ಊಹಿಸಿಕೊಳ್ಳಿ. ಮೂರನೇ, ನಾಲ್ಕನೇ ದಿನ ವೆಂಟಿಲೇಟರ್ ಕೊಡುವ ಗಾಳಿಯಲ್ಲಿ ಆಕ್ಸಿಜನ್ 40%, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಯಂತ್ರ ಉಳಿಸುವ ಒತ್ತಡ) 5. ರೋಗಿ ಸ್ಥಿರ. ಐದನೇ ದಿನ ಆಕ್ಸಿಜನ್ 60% ಬೇಕಾಯಿತು, ಪೀಪ್ 8ಕ್ಕೆ ಏರಿತು. ಆರನೇ ದಿನವೂ ಇಳಿಯಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2013ರಲ್ಲಿ ತಂದ ನಿಗಾ ಪದ್ಧತಿಯ ಮೊದಲ ಮೆಟ್ಟಿಲು ಇದೇ: ಎರಡು ದಿನ ಸ್ಥಿರವಾಗಿದ್ದು, ಆಮೇಲೆ ದಿನದ ಕನಿಷ್ಠ ಆಕ್ಸಿಜನ್ 20 ಶೇಕಡಾ ಅಂಶ ಅಥವಾ ಪೀಪ್ 3 ಸೆಂ.ಮೀ. (ನೀರಿನ ಒತ್ತಡದ ಅಳತೆ) ಏರಿ, ಎರಡು ದಿನ ಹಾಗೇ ಉಳಿಯಬೇಕು. ಆದರೆ ಇದು ಆಸ್ಪತ್ರೆಯ ಲೆಕ್ಕಕ್ಕೆ ಮಾಡಿದ ನಿಯಮ. ಹಾಸಿಗೆ ಪಕ್ಕದಲ್ಲಿ ನಿಂತವರು ಆರನೇ ದಿನದವರೆಗೆ ಕಾಯಬಾರದು. ಐದನೇ ದಿನವೇ ಸೀನಿಯರ್‌ಗೆ ಹೇಳಿ.

ಜೊತೆಗೆ ಸಕ್ಷನ್ (ಟ್ಯೂಬಿನಿಂದ ಕಫ ಹೀರಿ ತೆಗೆಯುವುದು) ಗಮನಿಸಿ. ನಿನ್ನೆ ತೆಳ್ಳಗೆ ಬಿಳಿಯಾಗಿದ್ದ ಕಫ ಇವತ್ತು ಹಳದಿ-ಹಸಿರಾಗಿ ಗಟ್ಟಿಯಾಗಿದೆಯೇ? ಮೊದಲಿಗಿಂತ ಜಾಸ್ತಿ ಸಲ ಸಕ್ಷನ್ ಬೇಕಾಗುತ್ತಿದೆಯೇ? ಇದನ್ನು ಮೊದಲು ಕಾಣುವುದು ನರ್ಸ್. ಚಾರ್ಟ್‌ನಲ್ಲಿ ಸುಮ್ನೆ 'ಸಕ್ಷನ್ ಆಯಿತು' ಅಂತ ಬರೆಯದೆ ಬಣ್ಣ, ಪ್ರಮಾಣ ಬರೆದರೆ ಮುಂದಿನ ಶಿಫ್ಟಿನವರಿಗೆ ಹೋಲಿಸಲು ಏನಾದರೂ ಇರುತ್ತದೆ.

ಸಂಶಯ ಬಂದರೆ ಹೊಸ ಆಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುಂಚೆಯೇ ಕಫದ ಸ್ಯಾಂಪಲ್ ತೆಗೆಯಬೇಕು. ಡೋಸ್ ಆದಮೇಲೆ ತೆಗೆದರೆ ಕಲ್ಚರ್‌ನಲ್ಲಿ (ಲ್ಯಾಬ್‌ನಲ್ಲಿ ಕ್ರಿಮಿ ಬೆಳೆಸುವ ಪರೀಕ್ಷೆಯಲ್ಲಿ) ಏನೂ ಬೆಳೆಯದೇ ಹೋಗಬಹುದು. ನಮ್ಮ ದೇಶದ ಐಸಿಯುಗಳಲ್ಲಿ ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಹೆಚ್ಚು. ಎಷ್ಟೋ ಸಲ ಮೆರೊಪೆನೆಮ್‌ನಂಥ ಪ್ರಬಲ ಆಂಟಿಬಯಾಟಿಕ್‌ಗೂ ಅವು ಬಗ್ಗುವುದಿಲ್ಲ. ಹಾಗಾಗಿ ಯಾವ ಕ್ರಿಮಿ, ಯಾವ ಔಷಧಕ್ಕೆ ಸಾಯುತ್ತದೆ ಅಂತ ಗೊತ್ತಾಗಲೇಬೇಕು. ಟ್ಯೂಬಿನಿಂದ ತೆಗೆದ ಸ್ಯಾಂಪಲ್‌ನಲ್ಲಿ ಸಾಮಾನ್ಯವಾಗಿ ಮಿಲಿಲೀಟರ್‌ಗೆ 1,00,000 ಬ್ಯಾಕ್ಟೀರಿಯಾ, ಶ್ವಾಸಕೋಶ ತೊಳೆದು ತೆಗೆದದ್ದರಲ್ಲಿ 10,000 ಮಿತಿ. ಅದಕ್ಕಿಂತ ಕಡಿಮೆ ಇದ್ದರೆ ಕ್ರಿಮಿ ಸುಮ್ನೆ ಅಲ್ಲಿ ನೆಲೆಸಿರಬಹುದು, ಸೋಂಕು ಮಾಡದೇ ಇರಬಹುದು.

ಗ್ರಾಂ ಸ್ಟೇನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಅದೇ ದಿನ ಸುಳಿವು ಕೊಡುತ್ತದೆ, ಕಲ್ಚರ್‌ಗೆ ಎರಡು-ಮೂರು ದಿನ. ಕ್ರಿಮಿಯ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಅದರ ಹೆಸರು ಹೇಳುತ್ತದೆ, ಆದರೆ ಸತ್ತ ಕ್ರಿಮಿಯನ್ನೂ ತೋರಿಸಬಹುದು. ಪ್ರೋಕ್ಯಾಲ್ಸಿಟೋನಿನ್ (ಸೋಂಕಿನ ಸುಳಿವು ಕೊಡುವ ರಕ್ತಪರೀಕ್ಷೆ) ಒಂದನ್ನೇ ನಂಬಿ ಔಷಧ ಶುರು ಮಾಡುವುದೋ ಬೇಡವೋ ಅಂತ ನಿರ್ಧರಿಸಬೇಡಿ. 2016ರ ಅಮೆರಿಕನ್ ಮಾರ್ಗಸೂಚಿ ರೋಗಲಕ್ಷಣಗಳನ್ನೇ ನೆಚ್ಚಲು ಹೇಳುತ್ತದೆ. ಬಿಪಿ ಕುಸಿಯುತ್ತಿದ್ದರೆ ಮಾತ್ರ ಯಾವ ರಿಪೋರ್ಟ್‌ಗೂ ಕಾಯುವಂತಿಲ್ಲ: ಸ್ಯಾಂಪಲ್ ತೆಗೆದು ಕೂಡಲೇ ಔಷಧ ಕೊಡಬೇಕು, ಕಲ್ಚರ್ ಬಂದ ದಿನ ಅದನ್ನು ಬದಲಿಸಬೇಕೋ ನಿಲ್ಲಿಸಬೇಕೋ ನೋಡಬೇಕು.